ಪರ್ಸಿಗೆ ಆಸಿಡ್ ಹಾಕುವ ಮುನ್ನ

ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಪರ್ಸಿಯ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ, ಬಗ್ಗೆ ಬರುವ ಫೋನುಗಳು ನನಗೀಗ ಬಾಯಿಪಾಠ. "ಸರ್, ಅಂಗಡಿಯವ ಡುಪ್ಲಿಕೇಟ್ ಪರ್ಸಿ ಕೊಟ್ಟಾನ್ರೀ, ಪೂರಾ ಬೆಳ್ಳಗಾಗೇದ."

ನಾನು ಕೇಳುವುದು ಒಂದೇ. "ಆಸಿಡ್ ಹಾಕೀರೇನ್ರೀ?"

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಗೌಂಡಿ ಹಾಕ್ಯಾನ್ರೀ, ಸಿಮೆಂಟ್ ಕಲೆ ಹೋಗ್ಲಿ ಅಂತ."

ಗೌಂಡಿಯ ತಪ್ಪು ಅರ್ಧ ಮಾತ್ರ. ಹಿಂದಿನ ಮನೆಯಲ್ಲಿ ಇಳಕಲ್ ಗ್ರಾನೈಟಿಗೆ ಇದೇ ಆಸಿಡ್ ಹಾಕಿದ್ದ, ಏನೂ ಆಗಿರಲಿಲ್ಲ. ಗ್ರಾನೈಟ್ ಅಗ್ನಿಶಿಲೆ. ಭೂಮಿಯ ಆಳದಲ್ಲಿ ಶಿಲಾರಸ ನಿಧಾನವಾಗಿ ಆರಿ ಗಟ್ಟಿಯಾದದ್ದು. ಅದರಲ್ಲಿರುವ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಕಣಗಳು ಬಚ್ಚಲು ತೊಳೆಯುವ ಆಸಿಡ್ಡಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಶಹಾಬಾದ್ ಪರ್ಸಿ ಹಾಗಲ್ಲ, ಅದು ಪದರುಶಿಲೆ. ನೀರಿನ ತಳದಲ್ಲಿ ಸುಣ್ಣದ ಕೆಸರು ಪದರು ಪದರಾಗಿ ಕೂತು ಕಲ್ಲಾದದ್ದು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಸುಣ್ಣಕಲ್ಲನ್ನೇ. ಸಿಮೆಂಟನ್ನು ಕರಗಿಸುವ ಆಸಿಡ್, ಸಿಮೆಂಟ್ ಮಾಡುವ ಕಲ್ಲನ್ನು ಬಿಟ್ಟೀತೇ?

ಇಷ್ಟು ಹೇಳಿದ ಮೇಲೂ ಮರುದಿನ ಫೋನು ಬರುತ್ತದೆ: "ಎಷ್ಟು ತಿಕ್ಕಿದ್ರೂ ಬಿಳಿ ಕಲೆ ಹೋಗವಲ್ದು." ಸ್ವಾಮಿ, ಅದು ಅಂಟಿಕೊಂಡ ಕಲೆಯಲ್ಲ, ಕಲ್ಲು ತಿಂದುಹೋದ ಜಾಗ. ಆಸಿಡ್ ಬಿದ್ದಾಗ ಚುಂಯ್ ಎಂದು ನೊರೆ ಬಂತಲ್ಲ, ಕೊಳೆ ಹೊರಗೆ ಬಂತೆಂದು ಎಲ್ಲರಿಗೂ ಖುಷಿ. ಕೊಳೆ ಅಲ್ಲ, ಕಲ್ಲೇ ಕರಗಿ ಇಂಗಾಲದ ಡೈಆಕ್ಸೈಡ್ ಅನಿಲ ಬಿಟ್ಟಿತು. ನುಣುಪಾಗಿದ್ದ ಮೈ ತರಿತರಿಯಾಯಿತು, ಬೆಳಕು ಚದುರಿತು, ಬಿಳಿಯಾಗಿ ಕಂಡಿತು. ಇನ್ನು ಮಷಿನ್ ಹಚ್ಚಿ ಮೇಲಿನ ಪದರ ಸವೆಸಿ ಪಾಲಿಶ್ ಮಾಡಿಸಬೇಕು. ಅದೂ ಎಷ್ಟು ಆಳಕ್ಕೆ ತಿಂದಿದೆ ಎಂಬುದರ ಮೇಲೆ. ನೋಡದೆ ನಾನು ಖಾತ್ರಿ ಕೊಡಲಾರೆ.

ಬಣ್ಣ ನೋಡಿ ಮೋಸಹೋಗುವುದು ಇನ್ನೊಂದು. ಕಡಪ ಕಲ್ಲೂ ಕಪ್ಪು, ಚಾಮರಾಜನಗರದ 'ಬ್ಲ್ಯಾಕ್ ಗ್ರಾನೈಟ್' ಕೂಡ ಕಪ್ಪು. ಮೊದಲನೆಯದು ಸುಣ್ಣಕಲ್ಲು, ಎರಡನೆಯದು ಹೆಸರಿಗೆ ಗ್ರಾನೈಟ್, ನಿಜದಲ್ಲಿ ಡಾಲರೈಟ್, ಆದರೂ ಅಗ್ನಿಶಿಲೆಯೇ. ಅಂಗಡಿಯಲ್ಲಿ ಒಂದು ಚೂರು ಕೇಳಿ ತನ್ನಿ. ಪಾಲಿಶ್ ಇರುವ ಕಡೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಟ್ಟು ಒರೆಸಿ. ಹೊಳಪು ಮಾಸಿದರೆ ಸುಣ್ಣಕಲ್ಲು. ಹಾಗಂತ ಪದರುಶಿಲೆಗಳೆಲ್ಲ ಹೀಗೆಂದು ತಿಳಿಯಬೇಡಿ. ಬಾದಾಮಿಯಲ್ಲಿ ಚಾಲುಕ್ಯರು ಗುಹೆ ಕೊರೆದ ಕೆಂಪು ಮರಳುಗಲ್ಲೂ ಪದರುಶಿಲೆಯೇ. ಬಹುಪಾಲು ಕ್ವಾರ್ಟ್ಸ್ ಮರಳಾದ್ದರಿಂದ ಅದು ಹೀಗೆ ನೊರೆಯೇಳದು. ಗ್ರಾನೈಟೂ ಅಮರವಲ್ಲ. ತುಕ್ಕಿನ ಕಲೆ ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಅದು ಗ್ರಾನೈಟಿನ ಹೊಳಪನ್ನೂ ತೆಗೆಯುತ್ತದೆ.

ಈಚೆಗೆ ಒಂದು ಮನೆಗೆ ಹೋಗಿದ್ದೆ. ಅಡುಗೆಕಟ್ಟೆಗೆ ಕಡಪ ಕಲ್ಲು, ಒಲೆಯ ಪಕ್ಕ ನಾಲ್ಕಾಣೆ ಅಗಲದ ಮಂಕು ಚುಕ್ಕೆಗಳು. "ಅಲ್ಲೇ ನಾ ಲಿಂಬಿಕಾಯಿ ಹಿಂಡೋದ್ರೀ, ಈಗ ತಾಟು ಇಟ್ಕೋತೀನಿ" ಎಂದರು ಅಜ್ಜಿ. ಯಾರೂ ಪಾಠ ಹೇಳಿರಲಿಲ್ಲ. ಚುಕ್ಕೆ ತೆಗೆಯಲೆಂದು ಮಗ ಆಸಿಡ್ ಬಾಟಲಿ ತಂದಿಟ್ಟಿದ್ದರಂತೆ. ಅದೆಲ್ಲಿ ಎಂದೆ. ಸೊಸೆ ಅದನ್ನು ಬೆಳಿಗ್ಗೆಯೇ ಬಚ್ಚಲು ತೊಳೆಯಲು ಒಯ್ದಿದ್ದರು. ಬಚ್ಚಲಿಗೆ ಹಾಕಿದ್ದು ಶಹಾಬಾದ್ ಪರ್ಸಿ.