ಚುನಿ ಗೋಸ್ವಾಮಿ ಕ್ರಿಕೆಟ್‌ನಲ್ಲೂ ಭಾರತಕ್ಕೆ ಆಡಿದ್ದರೇ?

ಪ್ರಶ್ನೆ: ಸರ್, ಚುನಿ ಗೋಸ್ವಾಮಿ ಅವ್ರು ಫುಟ್‌ಬಾಲ್‌ನ್ಯಾಗೂ ಕ್ರಿಕೆಟ್‌ನ್ಯಾಗೂ ಎರಡ್ರಾಗೂ ಇಂಡಿಯಾ ಟೀಮಿನ ಕ್ಯಾಪ್ಟನ್ ಆಗಿದ್ರಂತಲ್ರೀ, ಖರೇ ಏನ್ರೀ? ನಮ್ಮ ಜಿಕೆ ನೋಟ್ಸ್‌ನ್ಯಾಗ ಹಂಗ ಬರದದ.

ಉತ್ತರ: ಖರೆ ಅಲ್ಲ. ಗೋಸ್ವಾಮಿ ಫುಟ್‌ಬಾಲ್‌ನಲ್ಲಿ ಭಾರತದ ನಾಯಕ, ಕ್ರಿಕೆಟ್‌ನಲ್ಲಿ ಬಂಗಾಳದ ನಾಯಕ. ಭಾರತದ ಪರ ಅವರು ಒಂದೇ ಒಂದು ಟೆಸ್ಟ್ ಕೂಡ ಆಡಿಲ್ಲ. ಪರೀಕ್ಷೆಗೆ ಓದುವವರು ಇಷ್ಟನ್ನು ಬರೆದಿಟ್ಟುಕೊಂಡರೂ ಸಾಕು. ಆದರೆ ಪಿಡಿಒ ಪರೀಕ್ಷೆ ಬಂದಾಗ ಒಮ್ಮೆ, ಪಿಎಸ್‌ಐ ಪರೀಕ್ಷೆ ಬಂದಾಗ ಒಮ್ಮೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಹೇಳಿದರೂ ಮುಂದಿನ ಬ್ಯಾಚಿನ ಝೆರಾಕ್ಸ್ ನೋಟ್ಸ್‌ನಲ್ಲಿ ಅದೇ ತಪ್ಪು. ಹಾಗಾಗಿ ಈ ಸಲ ಬುಡಸಮೇತ ಕಿತ್ತುಹಾಕೋಣ.

ಮೊದಲು ನಾಯಕತ್ವದ ಮಾತು. ಗೋಸ್ವಾಮಿ ಬಂಗಾಳದ ಪರ ಪ್ರಥಮ ದರ್ಜೆ ಕ್ರಿಕೆಟ್ (ರಣಜಿಯಂಥ ಹಲವು ದಿನಗಳ ಪಂದ್ಯಗಳು) ಆಡಿದ್ದು 1962-63ರಿಂದ 1972-73ರವರೆಗೆ. ಆ ಅವಧಿಯಲ್ಲಿ ಭಾರತದ ಟೆಸ್ಟ್ ತಂಡಕ್ಕೆ ನಾಯಕರಾದವರು ಮೂರೇ ಜನ: ಮನ್ಸೂರ್ ಅಲಿ ಖಾನ್ ಪಟೌಡಿ, ಒಂದೇ ಒಂದು ಟೆಸ್ಟ್‌ಗೆ ಚಂದು ಬೋರ್ಡೆ, ಆಮೇಲೆ ಅಜಿತ್ ವಾಡೇಕರ್. ನಾಲ್ಕನೆಯ ಹೆಸರಿಗೆ ಜಾಗವೇ ಇಲ್ಲ. 'ಟೆಸ್ಟ್ ಇಲ್ಲದಿದ್ದರೆ ಒನ್‌ಡೇ ಆಡಿರಬಹುದಲ್ಲ' ಅನ್ನುವವರಿದ್ದಾರೆ. ಭಾರತ ತನ್ನ ಮೊದಲ ಏಕದಿನ ಅಂತರರಾಷ್ಟ್ರೀಯ ಪಂದ್ಯ ಆಡಿದ್ದೇ 1974ರಲ್ಲಿ. ಅಷ್ಟೊತ್ತಿಗೆ ಗೋಸ್ವಾಮಿ ಬ್ಯಾಟು ಕೆಳಗಿಟ್ಟಾಗಿತ್ತು.

ಹಾಗಾದರೆ ಈ ತಪ್ಪು ಹುಟ್ಟಿದ್ದು ಎಲ್ಲಿಂದ? ಮುಖ್ಯ ಕಾರಣ 1966ರ ಒಂದು ಪಂದ್ಯ. ಗ್ಯಾರಿ ಸೋಬರ್ಸ್ ಅವರ ವೆಸ್ಟ್ ಇಂಡೀಸ್ ತಂಡ ಆ ಚಳಿಗಾಲದಲ್ಲಿ ಭಾರತ ಪ್ರವಾಸಕ್ಕೆ ಬಂದಿತ್ತು. ಇಂದೋರಿನಲ್ಲಿ ಆ ತಂಡದ ಎದುರು ಗೋಸ್ವಾಮಿ ತಮ್ಮ ಮಧ್ಯಮ ವೇಗದ ಬೌಲಿಂಗಿನಿಂದ ಎರಡು ಇನ್ನಿಂಗ್ಸ್ ಸೇರಿ 8 ವಿಕೆಟ್ ಕಿತ್ತರು. ಇನ್ನೊಂದು ತುದಿಯಿಂದ ಸುಬ್ರತೊ ಗುಹಾ ಮುಗಿಬಿದ್ದರು. ವೆಸ್ಟ್ ಇಂಡೀಸ್ ಇನ್ನಿಂಗ್ಸ್ ಸೋಲು ಕಂಡಿತು. ಸೋಬರ್ಸ್ ತಂಡವನ್ನು ಇನ್ನಿಂಗ್ಸ್ ಅಂತರದಲ್ಲಿ ಸೋಲಿಸಿದ ಪಂದ್ಯ ಎಂದರೆ ಅದು ಟೆಸ್ಟ್ ಪಂದ್ಯವೇ ಇರಬೇಕು ಎಂದು ಓದುವವರು ಊಹಿಸಿಕೊಂಡುಬಿಡುತ್ತಾರೆ. ಅಲ್ಲ. ಆ ಪ್ರವಾಸದ ಮೂರು ಟೆಸ್ಟ್‌ಗಳು ನಡೆದದ್ದು ಬಾಂಬೆ, ಕಲ್ಕತ್ತ, ಮದ್ರಾಸಿನಲ್ಲಿ. ಇಂದೋರಿನಲ್ಲಿ ಆಡಿದ್ದು ಮಧ್ಯ ಮತ್ತು ಪೂರ್ವ ವಲಯಗಳ ಸಂಯುಕ್ತ ತಂಡ. ಆಗಿನ ಕಾಲದ ವಿದೇಶಿ ತಂಡಗಳು ಟೆಸ್ಟ್‌ಗಳ ನಡುವೆ ಹೀಗೆ ವಲಯ ತಂಡಗಳ ಜೊತೆ ಪಂದ್ಯ ಆಡುತ್ತ ಊರೂರು ಸುತ್ತುತ್ತಿದ್ದವು. ಈಗ ಆ ಪದ್ಧತಿ ಇಲ್ಲದ್ದರಿಂದ ಇಂದಿನ ಹುಡುಗರಿಗೆ 'ವಿದೇಶಿ ತಂಡದ ಎದುರು' ಅಂದ ಕೂಡಲೇ 'ಭಾರತದ ಪರ' ಅಂತಲೇ ಕೇಳಿಸುತ್ತದೆ.

ಎರಡನೆಯ ಕಾರಣ ಬರೀ ನಕಲಿನದು. 'ಫುಟ್‌ಬಾಲ್‌ನಲ್ಲಿ ಭಾರತಕ್ಕೂ ಕ್ರಿಕೆಟ್‌ನಲ್ಲಿ ಬಂಗಾಳಕ್ಕೂ ನಾಯಕರಾಗಿದ್ದರು' ಎಂಬ ವಾಕ್ಯದಿಂದ ಯಾರೋ ಒಬ್ಬರು 'ಬಂಗಾಳ' ಕೈಬಿಟ್ಟರು, ಮುಂದಿನವರು ಅದನ್ನೇ ಇಳಿಸಿಕೊಂಡರು. ಇನ್ನೂ ಅನುಮಾನ ಇದ್ದವರು ಒಂದು ಕೆಲಸ ಮಾಡಿ. ಯಾವುದೇ ಕ್ರಿಕೆಟ್ ಅಂಕಿ-ಅಂಶದ ಪುಟ ತೆರೆದು ಆಟಗಾರನ ಹೆಸರಿನ ಕೆಳಗೆ ಟೆಸ್ಟ್ ಸಾಲು ಇದೆಯೇ, ಪ್ರಥಮ ದರ್ಜೆ ಸಾಲು ಮಾತ್ರ ಇದೆಯೇ ನೋಡಿ. ಗೋಸ್ವಾಮಿ ಹೆಸರಿನ ಕೆಳಗೆ ಇರುವುದು ಪ್ರಥಮ ದರ್ಜೆ ಮಾತ್ರ: 46 ಪಂದ್ಯ, 1592 ರನ್, 47 ವಿಕೆಟ್. ಟೆಸ್ಟ್‌ಗಳೂ ಪ್ರಥಮ ದರ್ಜೆಯ ಲೆಕ್ಕಕ್ಕೆ ಸೇರುತ್ತವೆ, ಆದರೆ ಪ್ರಥಮ ದರ್ಜೆಯ ಪಂದ್ಯಗಳೆಲ್ಲ ಟೆಸ್ಟ್ ಅಲ್ಲ. ಈ ಒಂದು ಮಾತು ತಲೆಗೆ ಹೋದರೆ ಗೋಸ್ವಾಮಿ ವಿಷಯ ಮಾತ್ರ ಅಲ್ಲ, ಜಿಕೆ ಪುಸ್ತಕಗಳ ಇನ್ನೂ ಹತ್ತಾರು ತಪ್ಪು ತಾವಾಗಿಯೇ ಸರಿಹೋಗುತ್ತವೆ.

ಇದರ ಜೊತೆಗೇ ಬರುವ ಇನ್ನೊಂದು ತಪ್ಪು ತಿಳಿವಳಿಕೆ: ಫುಟ್‌ಬಾಲ್ ಬಿಟ್ಟ ಮೇಲೆ ಕ್ರಿಕೆಟ್ ಹಿಡಿದರು ಎಂಬುದು. ಅದೂ ಸುಳ್ಳು. ಕಲ್ಕತ್ತದ ಫುಟ್‌ಬಾಲ್ ಕ್ಲಬ್ ಮೋಹನ್ ಬಾಗಾನ್‌ನ ಹಿರಿಯರ ತಂಡಕ್ಕೆ ಅವರು ಆಡಿದ್ದು 1954ರಿಂದ 1968ರವರೆಗೆ. 1962ರ ಸೆಪ್ಟೆಂಬರಿನಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟ ನಾಯಕ, ಅದೇ 1962-63ರ ಋತುವಿನಲ್ಲಿ ರಣಜಿಗೆ ಇಳಿದರು. 1964ರ ಏಷ್ಯಾ ಕಪ್‌ನಲ್ಲಿ ಭಾರತ ಎರಡನೇ ಸ್ಥಾನ ಪಡೆದಾಗಲೂ ಅವರೇ ನಾಯಕ. ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿಗೆ ಆಡಿದರು ಎಂದು ಬರೆದಿದ್ದರೆ ಅದನ್ನೂ ಹೊಡೆದುಹಾಕಿ. ಅವರ ಕ್ಲಬ್ ಜೀವನವೆಲ್ಲ ಮೋಹನ್ ಬಾಗಾನ್ ಒಂದೇ.

ಜಕಾರ್ತದ ಆ ಚಿನ್ನದಲ್ಲಿ ನಮ್ಮ ಭಾಗದವರು ಹೆಮ್ಮೆಪಡುವ ಒಂದು ಎಳೆ ಇದೆ. ತಂಡದ ಕೋಚ್ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು. ಅವರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿ ಬೆಳೆಸಿದ ಕಾಲದಲ್ಲಿ ಗುಲ್ಬರ್ಗ, ಬೀದರ್ ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿದ್ದು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್ ಗೋಲುಗಳಿಂದ. ಜರ್ನೈಲ್ ಮೂಲತಃ ಡಿಫೆಂಡರ್. ತಲೆಗೆ ಗಾಯವಾಗಿ ಹೊಲಿಗೆ ಬಿದ್ದಿದ್ದವರನ್ನು ರಹೀಮ್ ಸಾಹೇಬರು ಮುಂದಿನ ಸಾಲಿನಲ್ಲಿ ಆಡಿಸಿದರು, ಅಲ್ಲಿಂದಲೇ ಅವರು ಗೋಲು ಹೊಡೆದರು.

ಕ್ರಿಕೆಟ್ ಕಡೆ ಗೋಸ್ವಾಮಿ ಬರೀ ಹೆಸರಿಗೆ ಆಡಿದವರಲ್ಲ. 1968-69ರ ರಣಜಿ ಫೈನಲ್‌ನಲ್ಲಿ ಬಾಂಬೆ ಎದುರು 96 ಮತ್ತು 84 ಹೊಡೆದರು. 1971-72ರಲ್ಲಿ ಬಂಗಾಳವನ್ನು ನಾಯಕನಾಗಿ ಫೈನಲ್‌ವರೆಗೆ ಕರೆದೊಯ್ದರು, ಮತ್ತೆ ಬಾಂಬೆ ಎದುರೇ ಸೋತರು.

ಎರಡೂ ಆಟ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಪ್ರತಿಭೆ ಅರ್ಧ ಉತ್ತರ. ಉಳಿದರ್ಧ ಕ್ಯಾಲೆಂಡರಿನಲ್ಲಿದೆ. ಕಲ್ಕತ್ತ ಫುಟ್‌ಬಾಲ್ ಲೀಗ್ ಮಳೆಗಾಲದ ಆಟ, ಸುಮಾರು ಮೇ ತಿಂಗಳಿಂದ ಸೆಪ್ಟೆಂಬರ್. ರಣಜಿ ಚಳಿಗಾಲದ್ದು. ಆಗ ಪೂರ್ವ ವಲಯದಲ್ಲಿದ್ದವು ನಾಲ್ಕೇ ತಂಡ: ಬಂಗಾಳ, ಬಿಹಾರ, ಒಡಿಶಾ, ಅಸ್ಸಾಂ. ಅಂದರೆ ವಲಯ ಹಂತದಲ್ಲಿ ವರ್ಷಕ್ಕೆ ಮೂರು ಪಂದ್ಯ, ಗೆದ್ದರೆ ಮುಂದಿನದು. 46 ಪಂದ್ಯಗಳನ್ನು 11 ಋತುಗಳಿಗೆ ಹಂಚಿ ನೋಡಿ, ವರ್ಷಕ್ಕೆ ನಾಲ್ಕರ ಸುತ್ತಮುತ್ತ ಬರುತ್ತದೆ. ಈಗ ರಣಜಿ ಎಲೀಟ್ ಗುಂಪಿನ ತಂಡಕ್ಕೆ ಲೀಗ್ ಹಂತದಲ್ಲೇ 7 ಪಂದ್ಯ, ಜೊತೆಗೆ ವಿಜಯ್ ಹಜಾರೆ, ಸೈಯದ್ ಮುಷ್ತಾಕ್ ಅಲಿ ಟೂರ್ನಿ. ದೇಶದ ದೊಡ್ಡ ಫುಟ್‌ಬಾಲ್ ಲೀಗ್ ಕೂಡ ಚಳಿಗಾಲಕ್ಕೇ ಬಂದು ಕೂತಿದೆ. ಹಾಗಾಗಿ ಇನ್ನೊಬ್ಬ ಗೋಸ್ವಾಮಿ ಬರಲಿಲ್ಲವೆಂದು ಹುಡುಗರನ್ನು ದೂರುವುದು ಸರಿಯಲ್ಲ.

ಎರಡೂ ಆಟದಲ್ಲಿ ದೇಶಕ್ಕೇ ಆಡಿದವರು ಬೇಕೆಂದರೆ, ನಮ್ಮ ಬೆಂಗಳೂರು ತಂಡದ ಜೆರ್ಸಿಯಲ್ಲಿ ನೀವೆಲ್ಲ ನೋಡಿರುವ ಎಲಿಸ್ ಪೆರ್ರಿ ಇದ್ದಾರೆ. 2007ರಲ್ಲಿ, 16ನೇ ವಯಸ್ಸಿನಲ್ಲಿ, ಎರಡೂ ಆಟಗಳಲ್ಲಿ ಆಸ್ಟ್ರೇಲಿಯಾಕ್ಕೆ ಪಾದಾರ್ಪಣೆ ಮಾಡಿದರು. 2011ರ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಎದುರು ದೂರದಿಂದ ಗೋಲು ಹೊಡೆದರು. ಇಂಗ್ಲೆಂಡಿನ ಗಂಡಸರಲ್ಲಿ ಕೊನೆಯವರು ಆರ್ಥರ್ ಮಿಲ್ಟನ್: 1951ರಲ್ಲಿ ಆಸ್ಟ್ರಿಯಾ ಎದುರು ಫುಟ್‌ಬಾಲ್, 1958ರಲ್ಲಿ ನ್ಯೂಜಿಲೆಂಡ್ ಎದುರು ಚೊಚ್ಚಲ ಟೆಸ್ಟ್‌ನಲ್ಲೇ ಶತಕ. ಇಂಗ್ಲೆಂಡಿನ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಹೆಸರನ್ನು ಈ ಪಟ್ಟಿಗೆ ಸೇರಿಸಬೇಡಿ. ಅವರು ಇಂಗ್ಲೆಂಡಿಗೆ ಫುಟ್‌ಬಾಲ್ ಆಡಿದ್ದು ಯುದ್ಧಕಾಲದ ಪಂದ್ಯಗಳಲ್ಲಿ, ಅವು ಅಧಿಕೃತ ಲೆಕ್ಕಕ್ಕಿಲ್ಲ. ಅವರಿಂದ ಕಲಿಯಬೇಕಾದ್ದು ಬೇರೆ ಇದೆ. ಫುಟ್‌ಬಾಲ್‌ನಲ್ಲಿ ಏಟು ತಿಂದ ಮೊಣಕಾಲು ಕ್ರಿಕೆಟ್‌ನಲ್ಲೂ ಕಾಡಿ, 1955ರಲ್ಲಿ ಅವರ ಮೊಣಕಾಲಿನ ಚಿಪ್ಪನ್ನೇ ತೆಗೆಯಬೇಕಾಯಿತು.

ಮೊಣಕಾಲಿನ ಮಾತು ಬಂದ ಮೇಲೆ, ಯಾರೂ ನೇರವಾಗಿ ಕೇಳದ ಇನ್ನೊಂದು ವಿಷಯ ಹೇಳಲೇಬೇಕು: ನಮ್ಮ ಹುಡುಗರು ಎರಡೂ ಆಡಬಹುದೇ? ಶಾಲೆಯ ವಯಸ್ಸಿನಲ್ಲಿ ಧಾರಾಳವಾಗಿ ಆಡಬಹುದು. ಕೆಡುವುದು ಒಂದು ಆಟದಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ. ಫುಟ್‌ಬಾಲ್ ಆಡಿ ಬಂದ ಹುಡುಗನ ಕಾಲು, ದಮ್ಮು ತಯಾರಿರುತ್ತವೆ, ಆದರೆ ತಿಂಗಳುಗಟ್ಟಲೆ ಚೆಂಡು ಎಸೆಯದ ಭುಜ ತಯಾರಿರುವುದಿಲ್ಲ. ಮೊದಲ ದಿನವೇ ಬೌಂಡರಿಯಿಂದ ಎಸೆಯಲು ಹಚ್ಚಿದರೆ ಭುಜ ಹಿಡಿದುಕೊಳ್ಳುತ್ತದೆ. ಮೊದಲ ವಾರ ಹದಿನೈದು-ಇಪ್ಪತ್ತು ಹೆಜ್ಜೆ ದೂರದಿಂದ ಇಪ್ಪತ್ತು-ಇಪ್ಪತ್ತೈದು ಎಸೆತ ಸಾಕು, ದೂರವನ್ನು ವಾರವಾರ ಹೆಚ್ಚಿಸಿ. ವೇಗದ ಬೌಲರ್ ಆದರೆ ಇನ್ನೂ ಹುಷಾರು. ಬೆಳೆಯುವ ವಯಸ್ಸಿನಲ್ಲಿ ಓವರುಗಳು ಒಮ್ಮೆಲೇ ಹೆಚ್ಚಿದರೆ ಕೆಳಬೆನ್ನಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಮುಲಾಮು ಹಚ್ಚಿದರೆ ಅದು ಹೋಗುವುದಿಲ್ಲ. ಕ್ರಿಕೆಟ್‌ನಿಂದ ಫುಟ್‌ಬಾಲ್‌ಗೆ ಹೋಗುವವನಿಗೆ ಹಿಡಿಯುವುದು ತೊಡೆಸಂದು. ಓಡುತ್ತ ಓಡುತ್ತ ತಟ್ಟನೆ ತಿರುಗುವುದು, ಜೋರಾಗಿ ಒದೆಯುವುದು ಕ್ರಿಕೆಟ್‌ನಲ್ಲಿ ಅಷ್ಟಾಗಿ ಇಲ್ಲ.

ಇನ್ನು ಮೈದಾನ. ನಮ್ಮಲ್ಲಿ ಎರಡೂ ಆಟಕ್ಕೆ ಇರುವುದು ಸಾಮಾನ್ಯವಾಗಿ ಒಂದೇ ಮೈದಾನ, ಫುಟ್‌ಬಾಲ್‌ನ ನಡುವೃತ್ತ ಸರಿಯಾಗಿ ಕ್ರಿಕೆಟ್ ಪಿಚ್ ಮೇಲೆಯೇ ಬೀಳುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ಬೇಗ ಇಂಗುತ್ತದೆ. ಕಲಬುರಗಿಯ ಎರೆಮಣ್ಣು ಹಾಗಲ್ಲ. ಹಸಿ ಇದ್ದಾಗ ಬೂಟಿನ ಸ್ಟಡ್ (ಅಟ್ಟೆಯ ಅಡಿಯ ಗುಬಟು) ಆಳಕ್ಕೆ ಇಳಿಯುತ್ತದೆ, ಸುತ್ತಲಿನ ಮಣ್ಣು ದಂಡೆಯಂತೆ ಮೇಲೇಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಆ ದಂಡೆ ಕಲ್ಲಾಗುತ್ತದೆ. ಅದರ ಮೇಲೆ ಮ್ಯಾಟ್ ಹಾಸಿದರೆ ಕುಣಿ ಕಾಣುವುದಿಲ್ಲ ಅಷ್ಟೇ. ಚೆಂಡು ದಂಡೆಗೆ ಬಡಿದರೆ ಮುಖಕ್ಕೆ ಏಳುತ್ತದೆ, ಕುಣಿಗೆ ಬಿದ್ದರೆ ಕಣಕಾಲಿಗೆ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಪಿಚ್ ಜಾಗಕ್ಕೆ ಹಗ್ಗ ಕಟ್ಟಿ, ಫುಟ್‌ಬಾಲ್ ಅಂಕಣವನ್ನು ಒಂದು ಮಗ್ಗುಲಿಗೆ ಸರಿಸಿ, ಅಳತೆ ಸ್ವಲ್ಪ ಕಮ್ಮಿಯಾದರೂ ಪರವಾಗಿಲ್ಲ. ಆಗಲೇ ಕುಣಿ ಬಿದ್ದಿದ್ದರೆ ಒಣನೆಲದ ಮೇಲೆ ರೋಲರ್ ಎಳೆದು ಉಪಯೋಗವಿಲ್ಲ. ಸಂಜೆ ನೀರು ಬಿಟ್ಟು, ಕುಣಿಗಳಿಗೆ ಜರಡಿ ಹಿಡಿದ ಅದೇ ಎರೆಮಣ್ಣು ತುಂಬಿ, ಮರುದಿನ ಮಣ್ಣು ಕೈಗೆ ಅಂಟದಷ್ಟು ಆರಿದಾಗ ರೋಲರ್ ಹಾಯಿಸಿ. ಮ್ಯಾಟ್ ಮೇಲೆ ಆಡುವವರು ರಬ್ಬರ್ ಅಟ್ಟೆಯ ಬೂಟನ್ನೇ ಹಾಕಲಿ, ಮೊಳೆ ಬೂಟು ಮ್ಯಾಟಿನ ನಾರಿಗೆ ಸಿಕ್ಕಿಕೊಂಡು ಮೊಣಕಾಲು ತಿರುಚುತ್ತದೆ.