ಅಮ್ಮನಿಗೆ ಆಲ್ಝೈಮರ್: ಹಾಸನದ ಕಡೆ ನಮಗೆ ಜೊತೆ ಯಾರು?

ಪ್ರಶ್ನೆ: ನನ್ನ ತಾಯಿಗೆ ಎಪ್ಪತ್ತೆರಡು ವರ್ಷ. ಆಲ್ಝೈಮರ್ ಎಂದು ಹಾಸನದ ವೈದ್ಯರು ಹೇಳಿ ವರ್ಷವಾಗುತ್ತ ಬಂತು. ಆಲೂರಿನ ಹತ್ತಿರದ ಹಳ್ಳಿಯಲ್ಲಿ ನಾನು, ನನ್ನ ಹೆಂಡತಿ ಅವರನ್ನು ನೋಡಿಕೊಳ್ಳುತ್ತಿದ್ದೇವೆ. ಅಣ್ಣ ಬೆಂಗಳೂರಿನಲ್ಲಿದ್ದಾರೆ. ಅಲ್ಲಾದರೆ ಇಂಥ ಮನೆಯವರೆಲ್ಲ ಸೇರುವ ಗುಂಪುಗಳಿವೆಯಂತೆ. ನಮ್ಮ ಕಡೆ ಯಾರನ್ನು ಕೇಳಬೇಕು?

ಉತ್ತರ: ಬೆಂಗಳೂರಿನ ಗುಂಪುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು ಕೇಳಬೇಕಿದೆ. ತಾಯಿಗೆ ಏನಾಗಿದೆ ಎಂದು ನಿಮ್ಮ ಅಕ್ಕಪಕ್ಕದ ಮನೆಯವರಿಗೆ ಗೊತ್ತಿದೆಯೇ?

ಹೆಚ್ಚಿನ ಮನೆಗಳಲ್ಲಿ ಇದನ್ನು ಹೊರಗೆ ಬಿಟ್ಟುಕೊಡುವುದಿಲ್ಲ. ಮದುವೆಗೆ ಬಂದ ಮಗಳಿದ್ದಾಳೆ, ಅಜ್ಜಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರೆ ಗತಿಯೇನು ಎಂಬ ಭಯ ಒಂದು ಕಡೆ. ಅರವತ್ತಕ್ಕೆ ಅರಳುಮರಳು, ಇದನ್ನೇನು ಊರಿಗೆಲ್ಲ ಸಾರುವುದು ಎಂಬ ಉದಾಸೀನ ಇನ್ನೊಂದು ಕಡೆ. ಆದರೆ ಇದು ವಯಸ್ಸಿನ ಮರೆವಲ್ಲ, ಮೆದುಳಿನ ಜೀವಕೋಶಗಳು ನಶಿಸುತ್ತ ಹೋಗುವ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇದೆ. ಅದರಲ್ಲಿ ಆಲ್ಝೈಮರ್‌ನದೇ ದೊಡ್ಡ ಪಾಲು. ನಿಮ್ಮ ಹೋಬಳಿಯಲ್ಲಿ ನಿಮ್ಮದೊಂದೇ ಮನೆ ಎಂದರೆ ನಾನಂತೂ ನಂಬುವುದಿಲ್ಲ. ಉಳಿದವರೂ ಬಾಯಿ ಬಿಡದೆ ಕುಳಿತಿದ್ದಾರೆ, ಅಷ್ಟೆ.

ಮುಚ್ಚಿಟ್ಟರೆ ಮೊದಲ ಪೆಟ್ಟು ಬೀಳುವುದು ಸೊಸೆಗೆ. ಈ ಕಾಯಿಲೆಯಲ್ಲಿ ಹಳೆಯ ನೆನಪು ಬಹುಕಾಲ ಉಳಿಯುತ್ತದೆ, ಹೊಸದು ನಿಲ್ಲುವುದಿಲ್ಲ. ಹನ್ನೊಂದಕ್ಕೆ ಉಂಡ ಅತ್ತೆ ಹನ್ನೆರಡಕ್ಕೆ ಜಗಲಿಯಲ್ಲಿ ಕುಳಿತು, ದಾರಿಹೋಕರನ್ನು ಕರೆದು "ಬೆಳಗ್ಗೆಯಿಂದ ನನಗೆ ಒಂದು ತುತ್ತು ಹಾಕಿಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಪಾಲಿಗೆ ಆ ಊಟ ನಡೆದೇ ಇಲ್ಲ. ತಾವೇ ಎಲ್ಲೋ ಬಚ್ಚಿಟ್ಟ ಸರವನ್ನು ಸೊಸೆ ಕದ್ದಳೆಂದೂ ಹೇಳಬಹುದು. ಮಾತು ತಡವರಿಸದೆ, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳುವುದರಿಂದ ಕೇಳಿದವರು ನಂಬಿಬಿಡುತ್ತಾರೆ. ನಾಳೆ ನಿಮಗೆ ಹೆಗಲು ಕೊಡಬೇಕಾದ ನೆರೆಯವರು ಇಂದೇ ನ್ಯಾಯ ಹೇಳಲು ಬರುತ್ತಾರೆ.

ಆದ್ದರಿಂದ ನಾಲ್ಕು ಮನೆಗೆ ನೀವೇ ಹೋಗಿ ಹೇಳಿ, ಹೆಂಡತಿಯನ್ನು ಕಳಿಸಬೇಡಿ. ಅತ್ತೆಯ ಬಗ್ಗೆ ಸೊಸೆ ಹೇಳಿದರೆ ಊರು ಒಂದು ರೀತಿ ಕೇಳುತ್ತದೆ, ಮಗ ಹೇಳಿದರೆ ಇನ್ನೊಂದು ರೀತಿ. (ಇದು ಸರಿ ಎನ್ನುತ್ತಿಲ್ಲ, ಇರುವುದು ಹಾಗೆ.) ದೀರ್ಘ ವಿವರಣೆ ಬೇಡ: "ಅಮ್ಮನಿಗೆ ಮೆದುಳಿನ ಕಾಯಿಲೆ, ಚಿಕಿತ್ಸೆ ನಡೆಯುತ್ತಿದೆ. ಊಟ ಹಾಕಿಲ್ಲ ಎಂದರೆ ವಾದ ಮಾಡಬೇಡಿ, ಕೂರಿಸಿ ಮಾತನಾಡಿಸಿ, ನನಗೊಂದು ಫೋನ್ ಮಾಡಿ." ಇಷ್ಟು ಸಾಕು.

ಬೇಲೂರು ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಸಂಜೆ ಐದಾಗುತ್ತಿದ್ದಂತೆ ಆ ಮನೆಯ ಅಜ್ಜಿ ಖಾಲಿ ಕ್ಯಾನ್ ಹಿಡಿದು ಹಾಲಿನ ಡೇರಿಗೆ ಹೊರಡುತ್ತಿದ್ದರು. ಹಸು ಮಾರಿ ಎಷ್ಟೋ ವರ್ಷವಾಗಿತ್ತು. ತಡೆದರೆ ರಂಪ. ಹೊತ್ತಿಳಿಯುವಾಗ ಚಡಪಡಿಕೆ ಏರುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಮನೆಯವರು ಕೊನೆಗೆ ಡೇರಿಯ ಕಾರ್ಯದರ್ಶಿಯ ಬಳಿ ವಿಷಯ ಬಿಚ್ಚಿ ಹೇಳಿದರು. ಅಂದಿನಿಂದ ಅವರು ಅಜ್ಜಿಯನ್ನು ಎಲ್ಲರಂತೆ ಸಾಲಿನಲ್ಲಿ ನಿಲ್ಲಿಸಿ, ಸರದಿ ಬಂದಾಗ ಕ್ಯಾನ್ ಇಸಿದುಕೊಂಡು, ಪುಸ್ತಕದಲ್ಲಿ ಏನೋ ಗೀಚಿ, "ಆಯಿತು ಅಜ್ಜಿ, ಬರೆದುಕೊಂಡೆ" ಎಂದು ಕ್ಯಾನ್ ವಾಪಸು ಕೊಡುತ್ತಿದ್ದರು. ಅಷ್ಟರಲ್ಲಿ ಮನೆಗೊಂದು ಮಿಸ್ಡ್ ಕಾಲ್ ಹೋಗಿರುತ್ತಿತ್ತು. ಮೊಮ್ಮಗಳು ಬಂದು ಕರೆದುಕೊಂಡು ಹೋಗುತ್ತಿದ್ದಳು. ಯಾವ ತರಬೇತಿಯೂ ಇಲ್ಲದ ಆ ಮನುಷ್ಯ ಮಾಡಿದ್ದು, ಯಾವ ಗುಂಪೂ ಮಾಡಲಾರದ ಕೆಲಸ.

ನಿಮ್ಮ ತಾಯಿ ಹೊರಗೆ ಹೋದರೆ ಯಾವ ದಾರಿ ಹಿಡಿಯುತ್ತಾರೆ ಎಂದು ಯೋಚಿಸಿ, ಆ ದಾರಿಯಲ್ಲಿ ದಿನವಿಡೀ ಇರುವವರನ್ನು ಹಿಡಿಯಿರಿ: ಅಂಗಡಿಯವರು, ಆಟೋ ನಿಲ್ದಾಣದವರು, ಊರಿಗೆ ಬರುವ ಬಸ್ಸಿನ ಕಂಡಕ್ಟರ್. ಆಲೂರು, ಸಕಲೇಶಪುರ, ಮೂಡಿಗೆರೆಯ ಕಡೆ ಇದು ಇನ್ನೂ ಮುಖ್ಯ. ಕತ್ತಲಾದ ಮೇಲೆ ದಾರಿ ತಪ್ಪಿ ಕಾಫಿ ತೋಟದೊಳಗೆ ಹೊಕ್ಕ ಮುದುಕರಿಗೆ ಹಳ್ಳದ ಭಯಕ್ಕಿಂತ ಆನೆಯ ಭಯ ದೊಡ್ಡದು. ಆನೆ ಬಂದ ಸುದ್ದಿ ಹಂಚುವ ವಾಟ್ಸ್ಆ್ಯಪ್ ಗುಂಪು ನಿಮ್ಮೂರಿನಲ್ಲಿದ್ದರೆ ತಾಯಿಯ ಫೋಟೊ, ನಿಮ್ಮ ನಂಬರ್ ಅಲ್ಲಿಯೂ ಇರಲಿ. ಕಾಣೆಯಾದರೆ ತಾಸುಗಟ್ಟಲೆ ನೀವೇ ಹುಡುಕುತ್ತ ಕೂರದೆ 112ಕ್ಕೆ ಕರೆ ಮಾಡಿ. ಸೀರೆಯ ಸೆರಗಿನ ಒಳಬದಿಗೆ ಫೋನ್ ನಂಬರ್ ಬರೆದ ಬಟ್ಟೆಯ ತುಂಡು ಹೊಲಿದಿರಲಿ. ಕೊರಳಿಗೆ ಹಾಕಿದ ಚೀಟಿಯನ್ನು ಕಿತ್ತೆಸೆಯುವವರೇ ಹೆಚ್ಚು.

ಇನ್ನು ನೆಂಟರು. "ಏನಾದರೂ ಬೇಕಿದ್ದರೆ ಹೇಳಿ" ಎಂದು ಹೋದವರೆಲ್ಲ ಮನಸ್ಸಿಲ್ಲದವರಲ್ಲ. ಏನು ಮಾಡಬೇಕೆಂದು ಅವರಿಗೆ ತಿಳಿಯದು, ಕೇಳಲು ನಿಮಗೆ ಸಂಕೋಚ. ಕೇಳುವಾಗ ಕೆಲಸ ಮತ್ತು ಹೊತ್ತು ಎರಡನ್ನೂ ಹೇಳಿ: "ಚಿಕ್ಕಮ್ಮ, ಗುರುವಾರ ಮೂರರಿಂದ ಐದರವರೆಗೆ ಅಮ್ಮನ ಜೊತೆ ಕೂತಿರಿ, ಅವರೆಕಾಯಿ ಸುಲಿಯಲು ಕೊಡಿ, ಹಳೆಯ ಮಾತು ಆಡಿ." ಆ ಎರಡು ತಾಸು ನಿಮ್ಮ ಹೆಂಡತಿ ಮಲಗಲಿ, ತವರಿಗೆ ಹೋಗಿಬರಲಿ, ಅದು ಅವರಿಷ್ಟ. ಅಣ್ಣನ ಬಳಿ ಹಣ ಕೇಳುವುದು ಸುಲಭ, ರಜೆ ಕೇಳುವುದು ಕಷ್ಟ, ಎರಡನೆಯದನ್ನೇ ಕೇಳಿ. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಮನೆಯವರೆಲ್ಲ ತೋಟ, ಕಣ ಎಂದು ಓಡಾಡುವಾಗ ಅವರು ಒಂದು ವಾರ ಬಂದಿದ್ದರೆ ಅದರ ಬೆಲೆಯೇ ಬೇರೆ. ತಾಯಿಯ ಬಳಿ ಒಬ್ಬರೇ ಒಂದು ರಾತ್ರಿ ಕಳೆದ ಮೇಲೆ, ಫೋನಿನಲ್ಲಿ ಬರುತ್ತಿದ್ದ ಸಲಹೆಗಳೂ ಕಡಿಮೆಯಾಗುತ್ತವೆ.

ಸರ್ಕಾರಿ ಬಾಗಿಲುಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚಿವೆ. ಹಾಸನದಲ್ಲಿ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಚಿಕ್ಕಮಗಳೂರಿನವರಿಗೆ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಎಲ್ಲಿ ಕೂರುತ್ತದೆ ಎಂದು ಕೇಳಿ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ' ಎಂಬ ಏರ್ಪಾಡು 2014ರಲ್ಲಿ ಶುರುವಾಯಿತು. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ವಿಚಾರಿಸಿಕೊಂಡೇ ಹೊರಡಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಬಗ್ಗೆಯೂ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ. ಅವುಗಳ ಕೊರತೆಯಿಂದ ಬಂದ ಮರೆವನ್ನು ಸರಿಪಡಿಸಲು ಸಾಧ್ಯವಿದೆ. ಆಲ್ಝೈಮರ್ ಪೂರ್ತಿ ವಾಸಿ ಮಾಡುತ್ತೇವೆ ಎಂದು ಡಬ್ಬಿಗಟ್ಟಲೆ ಲೇಹ್ಯ ಮಾರುವವರು ಮನೆಬಾಗಿಲಿಗೇ ಬರುತ್ತಾರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ.

ಫೋನಿನಲ್ಲಿ ಎರಡು ನಂಬರ್ ಇರಲಿ. 14567 ಹಿರಿಯ ನಾಗರಿಕರ ಸಹಾಯವಾಣಿ. 14416 ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತನಾಡಬಹುದು. ಎರಡನೆಯದು ತಾಯಿಗಿಂತ ನಿಮಗೆ, ನಿಮ್ಮ ಹೆಂಡತಿಗೆ. ನಿದ್ದೆಗೆಟ್ಟು, ಸಿಟ್ಟಿನಲ್ಲಿ ಕೈ ಎತ್ತುವ ಹಂತಕ್ಕೆ ಬಂದು ಆಮೇಲೆ ಅಳುವುದು ಈ ಮನೆಗಳಲ್ಲಿ ಅಪರೂಪವಲ್ಲ.

ಈಗ ಗುಂಪಿನ ಮಾತು. ಭಾರತದ ಆಲ್ಝೈಮರ್ ಸಂಘ 1992ರಲ್ಲಿ ಕೇರಳದಲ್ಲಿ ಹುಟ್ಟಿದ್ದು, ಬೆಂಗಳೂರಿನಲ್ಲಿ ಅದರ ಶಾಖೆಯಿದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕೂಡ ಇದೇ ಕೆಲಸದಲ್ಲಿದೆ. ಅಣ್ಣ ಅಲ್ಲೇ ಇದ್ದಾರಲ್ಲ, ಹೋಗಿ ಬರುವುದು ಅವರ ಪಾಲಿನ ಕೆಲಸವಾಗಲಿ. ಆದರೆ ನಿಮ್ಮೂರಿನ ಗುಂಪಿಗೆ ಎರಡು ಮನೆ ಸಾಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬೇರೆ ಮನೆಯವರ ನಂಬರ್ ಕೇಳಬೇಡಿ, ವೈದ್ಯರು ಕೊಡುವುದಿಲ್ಲ, ಕೊಡಲೂಬಾರದು. ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದು ಅಲ್ಲಿಯ ಸಮಾಜ ಕಾರ್ಯಕರ್ತರ ಕೈಗಿಟ್ಟು, "ಇಂಥ ಕಾಯಿಲೆಯ ಇನ್ನೊಂದು ಮನೆಯವರು ಬಂದರೆ ಕೊಡಿ" ಎನ್ನಿ. ಬೇಗನೆ ಕರೆ ಬರದಿದ್ದರೂ ಚೀಟಿ ಅಲ್ಲಿರಲಿ.

ನೀವು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಇದೆ, ವೃದ್ಧಾಶ್ರಮದ್ದು. ಆ ದಿನ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಮರೆವಿನ ಕಾಯಿಲೆಯವರನ್ನು ಎಲ್ಲ ಕಡೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ನೋಡಿಕೊಳ್ಳಲು ಬರುವುದಿಲ್ಲ. ಹೋದಲ್ಲಿ ಕೊಠಡಿ, ಊಟ ನೋಡುವ ಮೊದಲು, ರಾತ್ರಿ ಎರಡು ಗಂಟೆಗೆ ಎದ್ದು "ನಮ್ಮ ಮನೆಗೆ ಹೋಗುತ್ತೇನೆ" ಎಂದು ತಾಯಿ ಹಟ ಹಿಡಿದರೆ ಏನು ಮಾಡುತ್ತೀರಿ ಎಂದು ಕೇಳಿ. ಗದರಿಸಿ ಮಲಗಿಸುತ್ತೇವೆ ಎಂದರೆ ಮುಂದಿನ ಬಸ್ಸಿಗೇ ಹೊರಟು ಬನ್ನಿ.