ವಾಪಸ್ ಕರೆಯಲಾಗದ ವಿಮಾನ, ರೀಟೇಕ್ ಇಲ್ಲದ ನಾಟಕ

2000ದ ಏಪ್ರಿಲ್ 9, ಭಾನುವಾರ ರಾತ್ರಿ. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಹಿರಿಯ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್ ಪೀಠಿಕೆ ಹೇಳಿದರು. ಬೆನ್ನಿಗೇ ಶುರುವಾಯಿತು 'ಫೇಲ್ ಸೇಫ್'. ಬಣ್ಣದ ಟೀವಿ ಮನೆಮನೆಯಲ್ಲಿದ್ದ ಕಾಲಕ್ಕೆ ಕಪ್ಪು-ಬಿಳುಪು, ಅದೂ ನೇರಪ್ರಸಾರ. ಸೋವಿಯತ್ ಒಕ್ಕೂಟ ಕುಸಿದು ಎಂಟು ವರ್ಷ ದಾಟಿದ್ದರೂ ಕಥೆ ನಡೆಯುವುದು 1960ರ ದಶಕದಲ್ಲೇ. ಇದರ ಹಿಂದಿದ್ದವರು ಜಾರ್ಜ್ ಕ್ಲೂನಿ. 'ಇಆರ್' ಧಾರಾವಾಹಿಯ ಒಂದು ಕಂತನ್ನು 1997ರಲ್ಲಿ ನೇರವಾಗಿ ಆಡಿ ತೋರಿಸಿದ ತಂಡದಲ್ಲಿ ಅವರೂ ಇದ್ದರು.

ಹೆಸರನ್ನು ಬಿಡಿಸಿಕೊಳ್ಳದೆ ಕಥೆ ದಕ್ಕುವುದಿಲ್ಲ. ನಮ್ಮ ರೈಲಿನ ಏರ್ ಬ್ರೇಕ್ ನೋಡಿ. ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡ ಇರುವವರೆಗೆ ಚಕ್ರ ಸಲೀಸಾಗಿ ಉರುಳುತ್ತದೆ. ಪೈಪ್ ಒಡೆದರೆ, ಬೋಗಿ ಕಳಚಿಕೊಂಡರೆ, ಯಾರಾದರೂ ಸರಪಳಿ ಎಳೆದರೆ ಒತ್ತಡ ಇಳಿದು ಬ್ರೇಕ್ ತಾನಾಗಿ ಬೀಳುತ್ತದೆ. ಅಂದರೆ ಕೆಟ್ಟರೂ ಸುರಕ್ಷಿತ ದಿಕ್ಕಿಗೇ ಕೆಡುವ ಏರ್ಪಾಡು. ಶೀತಲ ಸಮರದ ಕಾಲದಲ್ಲಿ ಅಮೆರಿಕದ ಅಣುಬಾಂಬರ್ ಪಡೆಯದೂ ಇದೇ ತತ್ವವಾಗಿತ್ತು. ಎಚ್ಚರಿಕೆ ಬಂದೊಡನೆ ವಿಮಾನಗಳು ಹಾರಿ, ಗೊತ್ತುಪಡಿಸಿದ ಗಡಿಬಿಂದುವಿನವರೆಗೆ ಹೋಗಬೇಕಿತ್ತು. ಅಲ್ಲಿ 'ಮುಂದೆ ಹೋಗಿ' ಎಂಬ ಸಂಕೇತ ಬಂದರಷ್ಟೇ ಮುಂದೆ, ಬಾರದಿದ್ದರೆ ಹಿಂದೆ. ರೇಡಿಯೊ ಕೆಟ್ಟು ಏನೂ ಕೇಳಿಸದಿದ್ದರೂ ಹಿಂದೆ.

ಯೂಜೀನ್ ಬರ್ಡಿಕ್ ಮತ್ತು ಹಾರ್ವಿ ವೀಲರ್ ಬರೆದ ಮೂಲ ಕಾದಂಬರಿ 'ಫೇಲ್ ಸೇಫ್' ಈ ತತ್ವವನ್ನೇ ಬುಡಮೇಲು ಮಾಡುತ್ತದೆ. ಎಚ್ಚರಿಕೆ ಸುಳ್ಳೆಂದು ತಿಳಿದು ಎಲ್ಲವೂ ತಣ್ಣಗಾಗುವ ಹೊತ್ತಿಗೆ ಯಂತ್ರದ ಒಂದು ಬಿಡಿಭಾಗ ಕೈಕೊಟ್ಟು, ಒಂದು ತಂಡಕ್ಕೆ ಮಾತ್ರ 'ಮುಂದೆ ಹೋಗಿ' ಸಂಕೇತ ರವಾನೆಯಾಗುತ್ತದೆ. ಪೈಲಟ್‌ಗಳು ಖಾತ್ರಿ ಮಾಡಿಕೊಳ್ಳಲು ಹೊರಟರೆ ರಷ್ಯನ್ನರ ಜಾಮಿಂಗ್‌ನಿಂದ ರೇಡಿಯೊ ಮೂಕ. ಜಾಮಿಂಗ್ ನಿಲ್ಲುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆಮೇಲೆ ಅಧ್ಯಕ್ಷರೇ ಖುದ್ದು ಕೂಗಿ ಕರೆದರೂ ಪೈಲಟ್‌ಗಳು ಕಿವಿಗೊಡುವುದಿಲ್ಲ; ದನಿಯನ್ನು ಶತ್ರು ಅನುಕರಿಸಬಲ್ಲ ಎಂದು ಅವರಿಗೆ ತರಬೇತಿಯಲ್ಲೇ ಕಲಿಸಿರುತ್ತಾರೆ. ಯಾರೂ ತಪ್ಪು ಮಾಡುವುದಿಲ್ಲ, ಎಲ್ಲರೂ ನಿಯಮ ಪಾಲಿಸುತ್ತಾರೆ. ಮಾಸ್ಕೋ ಸುಟ್ಟುಹೋಗುತ್ತದೆ. ಪೂರ್ಣಯುದ್ಧ ತಪ್ಪಿಸಲು ಅಮೆರಿಕದ ಅಧ್ಯಕ್ಷ ತನ್ನದೇ ನ್ಯೂಯಾರ್ಕ್ ಮೇಲೆ ಬಾಂಬ್ ಹಾಕಿಸುತ್ತಾನೆ.

ಕಾದಂಬರಿ 'ಸ್ಯಾಟರ್ಡೇ ಈವನಿಂಗ್ ಪೋಸ್ಟ್' ಪತ್ರಿಕೆಯಲ್ಲಿ ಕಂತುಕಂತಾಗಿ ಬಂದದ್ದು 1962ರ ಅಕ್ಟೋಬರ್‌ನಲ್ಲಿ, ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನ ತಿಂಗಳಲ್ಲೇ. ಸಿನಿಮಾ ಆಗುವ ಹೊತ್ತಿಗೆ ಕೋರ್ಟಿನ ತಕರಾರು ಎದುರಾಯಿತು. ಪೀಟರ್ ಜಾರ್ಜ್‌ರ 1958ರ ಕಾದಂಬರಿಯನ್ನು ಆಧರಿಸಿ ಸ್ಟ್ಯಾನ್ಲಿ ಕುಬ್ರಿಕ್ 'ಡಾಕ್ಟರ್ ಸ್ಟ್ರೇಂಜ್‌ಲವ್' ತೆಗೆಯುತ್ತಿದ್ದರು. 'ಫೇಲ್ ಸೇಫ್' ಜಾರ್ಜ್‌ರ ಕಾದಂಬರಿಯದೇ ನಕಲು ಎಂದು ದಾವೆ ಬಿತ್ತು. ರಾಜಿಯಾಗಿ ಎರಡೂ ಚಿತ್ರ ಕೊಲಂಬಿಯಾ ಕಂಪನಿಯ ಕೈಗೆ ಬಂದವು. ಕುಬ್ರಿಕ್‌ರ ವಿಡಂಬನಾ ಚಿತ್ರ 1964ರ ಜನವರಿಯಲ್ಲಿ ತೆರೆಕಂಡಿತು, ಸಿಡ್ನಿ ಲುಮೆಟ್‌ರ 'ಫೇಲ್ ಸೇಫ್' ಅಕ್ಟೋಬರ್‌ನಲ್ಲಿ. ಅದೇ ದುರಂತಕ್ಕೆ ಒಮ್ಮೆ ಬಿದ್ದುಬಿದ್ದು ನಕ್ಕ ಪ್ರೇಕ್ಷಕರು ಮತ್ತೆ ಗಂಭೀರವಾಗಿ ಕೂರಲಿಲ್ಲ. ಚಿತ್ರ ಮಕಾಡೆ ಮಲಗಿತು.

ವಾಯುಪಡೆಯೂ ಲುಮೆಟ್‌ಗೆ ಸಹಕರಿಸಲಿಲ್ಲ. ಸಿಕ್ಕಿದ್ದು ಬಿ-58 ಹಸ್ಲರ್ ಬಾಂಬರಿನ ಹಳೆಯ ತುಣುಕು. ಅದನ್ನೇ ಮತ್ತೆಮತ್ತೆ ಬಳಸಿ, ಕೆಲವೆಡೆ ನೆಗೆಟಿವ್‌ನಲ್ಲೇ ತೋರಿಸಿ, ಒಂದು ವಿಮಾನವನ್ನು ತಂಡವಾಗಿಸಿದರು. ನಿಜವಾದ ಹಸ್ಲರ್‌ನಲ್ಲಿ ಮೂವರು ಸಿಬ್ಬಂದಿ ಒಬ್ಬರ ಹಿಂದೊಬ್ಬರು ಬೇರೆಬೇರೆ ಗೂಡಿನಲ್ಲಿ ಕೂರುತ್ತಾರೆ. ಚಿತ್ರದಲ್ಲಿ ಒಂದೇ ಕ್ಯಾಬಿನ್. ವಿಮಾನ ಬಲ್ಲವರಿಗೆ ಇದು ಕಣ್ಣಿಗೆ ಚುಚ್ಚುತ್ತದೆ, ಉಳಿದವರಿಗೆ ಗೊತ್ತೇ ಆಗುವುದಿಲ್ಲ. ಏಕೆಂದರೆ ಕಥೆಯ ಜೀವ ಆಕಾಶದಲ್ಲಿಲ್ಲ, ನಾಲ್ಕೈದು ಮುಚ್ಚಿದ ಕೋಣೆಗಳಲ್ಲಿದೆ: ಒಮಾಹಾದಲ್ಲಿರುವ ಬಾಂಬರ್ ಪಡೆಯ ಕೇಂದ್ರದ ಯುದ್ಧಕೊಠಡಿ, ಪೆಂಟಗನ್ನಿನ ಸಭೆ, ಕಾಕ್‌ಪಿಟ್, ಅಧ್ಯಕ್ಷರ ನೆಲಮಾಳಿಗೆ. ಅಲ್ಲಿ ಒಂದು ಫೋನು, ಒಬ್ಬ ದುಭಾಷಿ. ಸೋವಿಯತ್ ನಾಯಕನ ಮುಖ ಕಾಣುವುದೇ ಇಲ್ಲ. ಮಾಸ್ಕೋದಲ್ಲಿರುವ ಅಮೆರಿಕದ ರಾಯಭಾರಿ ಫೋನಿನಲ್ಲಿ ಮಾತಾಡುತ್ತಿದ್ದಂತೆ ಕರ್ಕಶವಾದ ಒಂದು ಚೀರುದನಿ. ಬಾಂಬಿನ ಶಾಖಕ್ಕೆ ಫೋನು ಕರಗಿದ ಸದ್ದದು. ಅಣಬೆ ಮೋಡ ತೋರಿಸುವ ಖರ್ಚು ಉಳಿಯಿತು, ಪರಿಣಾಮ ಹತ್ತುಪಟ್ಟಾಯಿತು.

ಇಂಥ ಕೋಣೆಗಳ ಕಥೆ ನೇರಪ್ರಸಾರಕ್ಕೆ ಹೇಳಿ ಮಾಡಿಸಿದ್ದು. ಹೆಚ್ಚಿನ ನಟರು ತಮ್ಮ ಸೆಟ್ ಬಿಟ್ಟು ಕದಲಬೇಕಿಲ್ಲ, ಉಡುಪು ಬದಲಿಸಬೇಕಿಲ್ಲ. ಸಭೆಯಿಂದ ಎದ್ದು ವಿಮಾನ ಹತ್ತಬೇಕಾದ ಮುಖ್ಯ ಪಾತ್ರವೆಂದರೆ ಜನರಲ್ ಬ್ಲ್ಯಾಕ್, ಆ ಪಾತ್ರ ಹಾರ್ವಿ ಕೈಟೆಲ್‌ರದು. ರಿಚರ್ಡ್ ಡ್ರೈಫಸ್ ಅಧ್ಯಕ್ಷ, ನೋವಾ ವೈಲಿ ದುಭಾಷಿ, ಕ್ಲೂನಿ ಬಾಂಬರಿನ ಪೈಲಟ್. ನಿರ್ದೇಶನ ಸ್ಟೀಫನ್ ಫ್ರಿಯರ್ಸ್‌ರದು. ಮೂಲದ 112 ನಿಮಿಷ ಇಲ್ಲಿ 86ಕ್ಕೆ ಇಳಿಯಿತು. ಲುಮೆಟ್‌ರ ಕ್ಯಾಮೆರಾ ಅಧ್ಯಕ್ಷನ ಪಾತ್ರದ ಹೆನ್ರಿ ಫೋಂಡಾರ ಮುಖಕ್ಕೆ ಅಂಟಿಕೊಂಡು ಕೂತಾಗಿನ ಬಿಗಿ ಡ್ರೈಫಸ್‌ರಲ್ಲಿ ಸಿಗಲಿಲ್ಲ, ನಿಜ. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಆ ಭಯ ಕಥೆಯಲ್ಲಿರುವಷ್ಟೇ ಸ್ಟುಡಿಯೊದಲ್ಲೂ ಇತ್ತು. ಬಾಯಿತಪ್ಪಿದ ಸಾಲನ್ನು ವಾಪಸ್ ಕರೆಯುವಂತಿರಲಿಲ್ಲ.

ಹಾಗೆ ನೋಡಿದರೆ ಇದು ತವರಿಗೆ ಮರಳಿದ ಕಥೆ. ಲುಮೆಟ್ ಪಳಗಿದ್ದೇ 1950ರ ದಶಕದ ಸಿಬಿಎಸ್ ನೇರನಾಟಕಗಳಲ್ಲಿ. ಅವರು ನಿರ್ದೇಶಿಸುತ್ತಿದ್ದ 'ಯೂ ಆರ್ ದೇರ್' ಸರಣಿಯ ನಿರೂಪಕ ಇದೇ ಕ್ರಾಂಕೈಟ್. ಅದಕ್ಕೆ ಬೇರೆಯವರ ಹೆಸರಿನಲ್ಲಿ ಕದ್ದುಮುಚ್ಚಿ ಬರೆಯುತ್ತಿದ್ದವರಲ್ಲೊಬ್ಬರು, ಕಮ್ಯುನಿಸ್ಟ್ ಎಂಬ ಹಣೆಪಟ್ಟಿಯಿಂದ ಕಪ್ಪುಪಟ್ಟಿ ಸೇರಿದ್ದ ವಾಲ್ಟರ್ ಬರ್ನ್‌ಸ್ಟೀನ್. 1964ರ ಚಿತ್ರಕಥೆ ಅವರದೇ, 2000ದ್ದೂ ಅವರದೇ. ಈ ಸಲ ಅದೇ ವಾಹಿನಿಯಲ್ಲಿ, ಸ್ವಂತ ಹೆಸರಿನಲ್ಲಿ.

ಕಥೆಯ ತಾಂತ್ರಿಕ ಬುನಾದಿಯ ಮೇಲಿನ ಆಕ್ಷೇಪ ಮಾತ್ರ ಹಳೆಯದು. ಇಂಥದ್ದು ಆಗುವ ಮಾತೇ ಅಲ್ಲವೆಂದು ತತ್ವಜ್ಞಾನಿ ಸಿಡ್ನಿ ಹುಕ್ 1963ರಲ್ಲೇ ಪುಸ್ತಿಕೆ ಬರೆದರು. ಲುಮೆಟ್ ಚಿತ್ರದ ಕೊನೆಗೂ ಸರ್ಕಾರದ ಅದೇ ನಿಲುವು ಅಕ್ಷರಗಳಲ್ಲಿ ಮೂಡುತ್ತದೆ. ಕೆಟ್ಟ ಬಿಡಿಭಾಗ ಸುಮ್ಮನಾಗಬಹುದು, ಸರಿಯಾದ ಸಂಕೇತವನ್ನು ತಾನೇ ಹುಟ್ಟಿಸಲಾರದು ಎಂಬ ವಾದ ಒಪ್ಪುವಂಥದ್ದೇ. ಆದರೆ 1980ರ ಜೂನ್ 3ರ ನಸುಕಿನಲ್ಲಿ ಒಮಾಹಾದ ಪರದೆಯ ಮೇಲೆ ಸೋವಿಯತ್ ಕ್ಷಿಪಣಿಗಳು ಮೂಡಿದವು: ಮೊದಲು 2, ಆಮೇಲೆ ಇನ್ನೂ ಹೆಚ್ಚು. ಬಿ-52 ಬಾಂಬರುಗಳ ಸಿಬ್ಬಂದಿ ಎಂಜಿನ್ ಚಾಲೂ ಮಾಡಿದರು. ರೇಡಾರ್, ಉಪಗ್ರಹಗಳಲ್ಲಿ ಏನೂ ಕಾಣದ್ದರಿಂದ ಅಲ್ಲಿಗೇ ನಿಂತಿತು. ಸಂಪರ್ಕ ಸರಿಯಿದೆಯೇ ಎಂದು ನೋಡಲು ಉತ್ತರ ಅಮೆರಿಕದ ವಾಯುರಕ್ಷಣಾ ಕೇಂದ್ರವಾದ ನೋರಾಡ್‌ನ ಕಂಪ್ಯೂಟರ್ ಸದಾ ಪರೀಕ್ಷಾ ಸಂದೇಶ ಕಳಿಸುತ್ತಿತ್ತು. ಅದರ ನಮೂನೆ ದಾಳಿಯ ಎಚ್ಚರಿಕೆಯದೇ. ಕ್ಷಿಪಣಿ ಸಂಖ್ಯೆಯ ಜಾಗದಲ್ಲಿ ಮಾತ್ರ ಸೊನ್ನೆಗಳು. 46 ಸೆಂಟ್ ಬೆಲೆಯ ಒಂದು ಚಿಪ್ ಕೆಟ್ಟು, ಸೊನ್ನೆ ಇರಬೇಕಾದಲ್ಲಿ ಎರಡು ಕೂರಿಸಿತ್ತು. ಮೂರು ದಿನದ ನಂತರ ಮತ್ತೊಮ್ಮೆ ಅದೇ ಆಯಿತು.